ಹುಲ್ಲಿನ ಎಲೆ ಕೊರೆಯುವ ರಂಗೋಲಿ ನೊಣಗಳು: ಹುಲ್ಲನ್ನೂ ನೊಣವನ್ನೂ ಗುರುತಿಸುವ ಸಮಗ್ರ ಮಾರ್ಗದರ್ಶಿ

ಅಗಲ ಎಲೆಯ ಗಿಡಗಳಲ್ಲಿ ರಂಗೋಲಿ ನೊಣದ ಮರಿಹುಳು ಎಲೆಯೊಳಗೇ ತಿನ್ನುತ್ತಾ ಬಿಟ್ಟುಹೋಗುವ ಗೆರೆ, ಅಂದರೆ ಸುರಂಗ, ಅಂಕುಡೊಂಕಾಗಿರುತ್ತದೆ. ಸುರಂಗದ ಆಕಾರ ನೋಡಿಯೇ ಎಷ್ಟೋ ಸಲ ಜಾತಿ ಹೇಳಬಹುದು. ಹುಲ್ಲಿನಲ್ಲಿ ಹಾಗಲ್ಲ. ಎಲೆಯ ನರಗಳೆಲ್ಲ ಒಂದಕ್ಕೊಂದು ಸಮಾನಾಂತರವಾಗಿ ಓಡುವುದರಿಂದ ಹುಳುವೂ ಅವುಗಳ ನಡುವೆಯೇ ನೇರವಾಗಿ ತಿನ್ನುತ್ತಾ ಹೋಗುತ್ತದೆ. ಪೂರ್ತಿ ಬೇರೆ ಬೇರೆ ಕುಲದ ನೊಣಗಳ ಸುರಂಗಗಳೂ ಕಡೆಗೆ ಒಂದೇ ತರಹದ ಬಿಳಿ ಪಟ್ಟೆಯಾಗಿ ಕಾಣುತ್ತವೆ. ಆದ್ದರಿಂದ ಇಲ್ಲಿ ಆಕಾರವನ್ನು ನಂಬಿ ಕೂರುವಂತಿಲ್ಲ. ಹುಲ್ಲು ಯಾವುದು, ಹಿಕ್ಕೆ ಹೇಗೆ ಬಿದ್ದಿದೆ, ಹುಳು ಕೋಶ (ಪ್ಯೂಪಾ) ಆದದ್ದು ಎಲ್ಲಿ, ಈ ಮೂರನ್ನು ಮೊದಲು ಖಚಿತ ಮಾಡಿಕೊಳ್ಳಬೇಕು. ಜಾತಿಯ ಹೆಸರು ಬೇಕಿದ್ದರೆ ಹುಳುವನ್ನು ಸಾಕಿ ಗಂಡು ನೊಣವನ್ನು ಪಡೆಯಬೇಕು.

ಈ ನೊಣಗಳ ಕುಟುಂಬ ಅಗ್ರೊಮೈಜಿಡೆ. ಪ್ರಪಂಚದಲ್ಲಿ ಸುಮಾರು 3000 ಜಾತಿಗಳಿವೆ. ಹೆಚ್ಚಿನವು ಒಂದೇ ಸಸ್ಯಕುಲಕ್ಕೋ ಒಂದೇ ಸಸ್ಯಕುಟುಂಬಕ್ಕೋ ಅಂಟಿಕೊಂಡವು. ಹುಲ್ಲಿನಲ್ಲಿ ಮತ್ತೆ ಮತ್ತೆ ಸಿಗುವ ಕುಲಗಳು ಅಗ್ರೊಮೈಜಾ, ಸೆರೊಡೊಂಥಾ, ಫೈಟೊಮೈಜಾ, ಲಿರಿಯೊಮೈಜಾ ಮತ್ತು ಸ್ಯೂಡೊನಪೊಮೈಜಾ. ಹಳೆಯ ಕೀಲಿಗಳಲ್ಲಿ (ಲಕ್ಷಣ ನೋಡಿ ಹೆಸರು ಹುಡುಕುವ ಪಟ್ಟಿಗಳಲ್ಲಿ) ಕ್ರೊಮಾಟೊಮೈಯಾ ಎಂದಿರುವ ಕುಲವನ್ನು ಈಗ ಫೈಟೊಮೈಜಾದೊಳಗೆ ಸೇರಿಸಲಾಗಿದೆ. ಹೆಸರು ಹುಡುಕುವಾಗ ಎರಡನ್ನೂ ನೋಡಿ.

ಜೊತೆಗೆ ಇರಬೇಕಾದದ್ದು ಹೆಚ್ಚೇನಿಲ್ಲ. 10 ಪಟ್ಟು ಹಿಗ್ಗಿಸುವ ಮಸೂರ, ಚೂಪು ತುದಿಯ ಚಿಮಟ, ಸೂಜಿ, ಮಿಲಿಮೀಟರ್ ಗುರುತಿರುವ ಅಳತೆಪಟ್ಟಿ, ಜಿಪ್ ಚೀಲಗಳು, ಹತ್ತಿ ಮುಚ್ಚಳದ ಗಾಜಿನ ನಳಿಕೆಗಳು, ಪೆನ್ಸಿಲ್, ಮೊಬೈಲ್ ಟಾರ್ಚ್ ಸಾಕು. ಪೆನ್ನು ಬೇಡ, ಆಲ್ಕೋಹಾಲ್ ತಾಗಿದರೆ ಶಾಯಿ ಕರಗುತ್ತದೆ.

ಹಂತ 1: ಇದು ಸುರಂಗವೇ?

ಎಲೆ ಬೆಳ್ಳಗಾಗಲು ಬೇರೆ ಕಾರಣಗಳೂ ಬೇಕಾದಷ್ಟಿವೆ. ಥ್ರಿಪ್ಸ್ ಎಂಬ ಪುಟ್ಟ ಕೀಟ ರಸ ಹೀರಿದರೆ ಬೆಳ್ಳಿಬಣ್ಣದ ಕಲೆ ಬಂದು ಅದರ ಮೇಲೆ ಕಪ್ಪು ಚುಕ್ಕಿ ನಿಲ್ಲುತ್ತದೆ. ಎಲೆ ಸುರುಳಿ ಹುಳು ಹೊರಗಿನಿಂದ ಹಸಿರನ್ನು ಕೆರೆಯುತ್ತದೆ, ಎದುರು ಬದಿಯ ಪೊರೆ ಮಾತ್ರ ಉಳಿಯುತ್ತದೆ. ಶಿಲೀಂಧ್ರ ರೋಗದ ಪಟ್ಟೆಗೆ ಕಂದು ಅಥವಾ ಹಳದಿ ಅಂಚು ಇರುತ್ತದೆ.

ಪರೀಕ್ಷೆ ಸುಲಭ. ಬಿಳಿ ಭಾಗದ ಮಧ್ಯೆ ಸೂಜಿಯ ತುದಿಯಿಂದ ಮೇಲಿನ ಪೊರೆಯನ್ನು ಮೆಲ್ಲಗೆ ಎತ್ತಿ. ಅದು ತೆಳು ಕಾಗದದಂತೆ ಸಡಿಲವಾಗಿ ಎದ್ದು, ಒಳಗೆ ಖಾಲಿ ಜಾಗವೂ ಕಪ್ಪು-ಹಸಿರು ಹಿಕ್ಕೆಯೂ ಕಂಡರೆ ಅದು ಸುರಂಗ. ಎತ್ತುವಾಗ ಹರಿದು ಪುಡಿಯಾಗಿ, ಒಳಗೆ ಒಣ ತಿರುಳೇ ತುಂಬಿದ್ದರೆ ರೋಗ. ಒಳಗೆ ಹುಳು ಇದ್ದೀತು ಅನ್ನಿಸಿದರೆ ಸೂಜಿ ಹಾಕಬೇಡಿ, ಎಲೆಯ ಹಿಂದೆ ಟಾರ್ಚ್ ಹಿಡಿಯಿರಿ. ಹುಳು, ಕೋಶ, ಹಿಕ್ಕೆ ಮೂರೂ ನೆರಳಿನಂತೆ ಕಾಣುತ್ತವೆ.

ಸುರಂಗವಿರುವ ಹುಲ್ಲಿನಲ್ಲಿ ಇನ್ನೊಂದು ಸುಳಿವೂ ಸಿಗುತ್ತದೆ: ಸಾಲಾಗಿ ಬಿದ್ದ ಸಣ್ಣ ಬಿಳಿ ಚುಕ್ಕಿಗಳು. ಹೆಣ್ಣು ನೊಣ ತತ್ತಿ ಇಡುವ ಅಂಗದಿಂದ ಎಲೆಯನ್ನು ಚುಚ್ಚಿ, ಒಸರುವ ರಸವನ್ನು ನೆಕ್ಕುತ್ತದೆ. ಗಂಡಿಗೆ ಚುಚ್ಚಲು ಆಗದು, ಹೆಣ್ಣು ಮಾಡಿದ ತೂತುಗಳಿಂದಲೇ ಅದು ಕುಡಿಯುತ್ತದೆ. ಚುಕ್ಕಿಗಳಿವೆ, ಸುರಂಗವಿಲ್ಲ ಎಂದಾದರೆ ಒಂದು ವಾರ ಬಿಟ್ಟು ಅದೇ ಬುಡವನ್ನು ಮತ್ತೆ ನೋಡಿ.

ಹಂತ 2: ಕೀಳುವ ಮೊದಲು

ಎಲೆ ಕಿತ್ತ ಮೇಲೆ ಕಳೆದುಹೋಗುವ ಮಾಹಿತಿ ಇದೆ. ಸುರಂಗ ತುದಿಯಲ್ಲಿ ಶುರುವಾಗಿ ಕೆಳಗೆ ಇಳಿದಿದೆಯೋ, ಬುಡದಿಂದ ಮೇಲೆ ಏರಿದೆಯೋ, ಒರೆಯೊಳಗೂ (ಕಾಂಡವನ್ನು ಸುತ್ತಿದ ಎಲೆಯ ಬುಡಭಾಗ) ಹೋಗಿದೆಯೋ ಎಂದು ಅಲ್ಲೇ ಬರೆದುಕೊಳ್ಳಿ. ಕಿರಿದಾದ ಕೊನೆ ಆರಂಭ, ಅಗಲವಾದ ಕೊನೆ ಮುಕ್ತಾಯ. ಹುಳು ಬೆಳೆದಂತೆ ದಾರಿ ಅಗಲವಾಗುತ್ತದೆ. ಮೇಲ್ಬದಿ, ಕೆಳಬದಿ, ಹಿಂದಿನಿಂದ ಬೆಳಕು ಹಾಯಿಸಿದ ನೋಟ, ಹೀಗೆ ಮೂರು ಚಿತ್ರಗಳನ್ನು ಅಳತೆಪಟ್ಟಿ ಇಟ್ಟು ತೆಗೆಯಿರಿ.

ಆಮೇಲೆ ಎಲೆಯನ್ನಷ್ಟೇ ಹರಿಯಬೇಡಿ. ಆ ಎಲೆ ಹೊತ್ತ ಕವಲನ್ನು ಬೇರುಸಹಿತ ಕೀಳಿ. ಬೆರೆತು ಬೆಳೆದ ಹುಲ್ಲಿನಲ್ಲಿ ಎರಡು ಜಾತಿಯ ಕವಲುಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಸುರಂಗವಿರುವ ಎಲೆ ಒಂದರದ್ದು, ಪಕ್ಕದಲ್ಲೇ ತಲೆ ಎತ್ತಿದ ತೆನೆ ಇನ್ನೊಂದರದ್ದು. ಆಶ್ರಯ ಸಸ್ಯದ ತಪ್ಪು ದಾಖಲೆಗಳು ಹೆಚ್ಚಾಗಿ ಹುಟ್ಟುವುದು ಇಲ್ಲೇ.

ಹಂತ 3: ಹುಲ್ಲಿನ ಗುರುತು

ಹೆಚ್ಚು ಹೊತ್ತು ತೆಗೆದುಕೊಳ್ಳುವ ಹಂತ ಇದು. ಆತುರ ಮಾಡಿದರೆ ಮುಂದಿನದೆಲ್ಲ ಹಾಳು.

ಮೊದಲ ಪ್ರಶ್ನೆ, ಇದು ನಿಜವಾಗಿ ಹುಲ್ಲೇ? ಕಾಂಡವನ್ನು ಬೆರಳುಗಳ ನಡುವೆ ಉರುಳಿಸಿ. ಮೂರು ಮೂಲೆ ತಾಗಿದರೆ, ಎಲೆಗಳು ಮೂರು ಸಾಲಿನಲ್ಲಿದ್ದರೆ, ಒರೆ ಸೀಳಿಲ್ಲದೆ ಕೊಳವೆಯಂತೆ ಮುಚ್ಚಿದ್ದರೆ ಅದು ಜೇಕಿನ ಕುಟುಂಬ, ಸೈಪರೇಸಿ. ಕಾಂಡ ದುಂಡಗಿದ್ದು ಗೆಣ್ಣುಗಳೇ ಇಲ್ಲದೆ ಒಳಗೆ ಬೆಂಡು ತುಂಬಿದ್ದರೆ ಜಂಕಸ್. ನಿಜವಾದ ಹುಲ್ಲಿಗೆ ಉಬ್ಬಿದ ಗೆಣ್ಣುಗಳಿರುತ್ತವೆ, ಎಲೆಗಳು ಎರಡು ಸಾಲಿನಲ್ಲಿ ಎದುರುಬದುರು ಬರುತ್ತವೆ, ಒರೆ ಸಾಮಾನ್ಯವಾಗಿ ಉದ್ದಕ್ಕೂ ಸೀಳಿರುತ್ತದೆ. ಆದರೆ ಬ್ರೋಮಸ್, ಗ್ಲಿಸೀರಿಯಾ, ಮೆಲಿಕಾ ಮುಂತಾದ ಕುಲಗಳಲ್ಲಿ ಒರೆ ಬಹುಪಾಲು ಮುಚ್ಚಿರುತ್ತದೆ. ಒರೆಯೊಂದನ್ನೇ ನಂಬಿದರೆ ಈ ಹುಲ್ಲುಗಳು ಜೇಕಿನ ಪಾಲಾಗುತ್ತವೆ.

ಈ ವ್ಯತ್ಯಾಸ ನೊಣಕ್ಕೂ ಗೊತ್ತು. ಸೆರೊಡೊಂಥಾ ಕುಲದ ಪೊಯೆಮೈಜಾ ಉಪಕುಲ ಹುಲ್ಲನ್ನು ಕೊರೆಯುತ್ತದೆ. ಡಿಜಿಗೊಮೈಜಾ ಉಪಕುಲದವು ಜೇಕು, ಜಂಕಸ್, ಐರಿಸ್‌ಗಳತ್ತ ಹೋಗುತ್ತವೆ. ಬ್ಯುಟೊಮೊಮೈಜಾ ಉಪಕುಲಕ್ಕೆ ಜೇಕಿನ ಕುಟುಂಬದ ಕೇರೆಕ್ಸ್ ಇಷ್ಟ. ಸಸ್ಯದ ಕುಟುಂಬ ತಪ್ಪಿದರೆ ನೊಣದ ಕೀಲಿಯಲ್ಲಿ ಮೊದಲ ಹೆಜ್ಜೆಯೇ ತಪ್ಪುತ್ತದೆ.

ಹುಲ್ಲೆಂದು ಖಚಿತವಾದ ಮೇಲೆ ಎಲೆ ಮತ್ತು ಒರೆ ಸೇರುವ ಜಾಗವನ್ನು ನೋಡಬೇಕು. ಎಲೆಯನ್ನು ಕಾಂಡದಿಂದ ಹಿಂದಕ್ಕೆ ಬಾಗಿಸಿ. ಒಳಬದಿಯಲ್ಲಿ ಪಾರದರ್ಶಕ ಪೊರೆಯೋ ಕೂದಲ ಸಾಲೋ ನಿಂತಿರುತ್ತದೆ. ಇದು ಲಿಗ್ಯೂಲ್, ಅಂದರೆ ನಾಲಗೆ. ಅದರ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ತುದಿ ಚೂಪೋ, ಮೊಂಡೋ, ಹರಿದಂತಿದೆಯೋ ಬರೆಯಿರಿ. ಎಲೆಯ ಬುಡದಿಂದ ಎರಡೂ ಕಡೆ ಚಾಚಿ ಕಾಂಡವನ್ನು ಅಪ್ಪಿದ ಕಿವಿಗಳಿವೆಯೇ ನೋಡಿ.

ತೆನೆಯಿಲ್ಲದ ಎಳೆ ಪೈರಿನಲ್ಲಿ ಈ ನಾಲಗೆ-ಕಿವಿಗಳೇ ಆಧಾರ. ಗೋಧಿಯ ಕಿವಿ ಚಿಕ್ಕದು, ಅಂಚಿನಲ್ಲಿ ಕೂದಲಿದೆ. ಬಾರ್ಲಿಯ ಕಿವಿ ದೊಡ್ಡದು, ಬೋಳು, ಕಾಂಡವನ್ನು ಸುತ್ತಿ ಒಂದರ ಮೇಲೊಂದು ಬೀಳುತ್ತದೆ. ಓಟ್ಸ್‌ಗೆ ಕಿವಿಯೇ ಇಲ್ಲ. ಭತ್ತದ ನಾಲಗೆ ಉದ್ದ, ತುದಿ ಎರಡಾಗಿ ಸೀಳಿರುತ್ತದೆ, ಕಿವಿಗಳಲ್ಲಿ ಕೂದಲಿರುತ್ತದೆ. ಅದರ ನಡುವೆ ಕಳೆಯಾಗಿ ಬೆಳೆಯುವ ಎಕಿನೋಕ್ಲೋವಾ ಕ್ರಸ್-ಗ್ಯಾಲಿ ಮತ್ತು ಕೊಲೋನಾಗಳಿಗೆ ನಾಲಗೆಯೂ ಇಲ್ಲ, ಕಿವಿಯೂ ಇಲ್ಲ, ಅಲ್ಲಿ ನುಣುಪು ಪಟ್ಟಿ ಮಾತ್ರ. ಗರಿಕೆಯಲ್ಲಿ, ಫ್ರಾಗ್ಮೈಟಿಸ್‌ನಲ್ಲಿ ನಾಲಗೆಯ ಜಾಗದಲ್ಲಿ ಕೂದಲ ಸಾಲು. ಬಿದಿರಿನ ಎಲೆಗೆ ಬುಡದಲ್ಲಿ ತೊಟ್ಟಿನಂತೆ ಕಿರಿದಾದ ಭಾಗವಿರುತ್ತದೆ.

ಇನ್ನೂ ಬಿಚ್ಚದ ಎಳೆ ಎಲೆಯನ್ನು ಅಡ್ಡಕ್ಕೆ ಕತ್ತರಿಸಿ ಮಸೂರದಲ್ಲಿ ನೋಡಿ. ಕೆಲವು ಹುಲ್ಲುಗಳಲ್ಲಿ ಅದು ಸುರುಳಿ ಸುತ್ತಿರುತ್ತದೆ, ಕೆಲವದರಲ್ಲಿ ನಡುನರದ ಉದ್ದಕ್ಕೆ ಮಡಚಿರುತ್ತದೆ. ಲೋಲಿಯಂ ಪೆರೆನ್ನೆ ಮಡಚುತ್ತದೆ, ಅದರ ಸೋದರ ಲೋಲಿಯಂ ಮಲ್ಟಿಫ್ಲೋರಂ ಸುತ್ತುತ್ತದೆ. ಡ್ಯಾಕ್ಟಿಲಿಸ್ ಗ್ಲೊಮೆರಾಟಾದ ಕವಲು ಚಪ್ಪಟೆ. ಪೋವಾ ಕುಲದ ಎಲೆಯ ತುದಿ ದೋಣಿಯ ಮೂತಿಯಂತೆ ಮಡಿದಿರುತ್ತದೆ, ಬೆಳಕಿಗೆ ಹಿಡಿದರೆ ನಡುನರದ ಎರಡೂ ಪಕ್ಕ ಒಂದೊಂದು ತಿಳಿಗೆರೆ ಕಾಣುತ್ತದೆ. ಹೋಲ್ಕಸ್ ಲನೇಟಸ್‌ನ ಎಲೆ ಮುಟ್ಟಿದರೆ ಮೆತ್ತಗೆ, ಬುಡದ ಒರೆಯಲ್ಲಿ ಗುಲಾಬಿ ಗೆರೆಗಳು.

ಇಷ್ಟಾದರೂ ಜಾತಿ ಹೊಳೆಯದಿದ್ದರೆ ಅದೇ ಬುಡಕ್ಕೆ ದಾರ ಕಟ್ಟಿ ಗುರುತಿಟ್ಟು ಬನ್ನಿ, ತೆನೆ ಬಂದಾಗ ಹೋಗಿ ನೋಡಿ. ಅಲ್ಲಿಯವರೆಗೆ ಕುಲದ ಹೆಸರಷ್ಟೇ ಬರೆಯಿರಿ. ‘ಪೋವಾ ಜಾತಿ’ ಎನ್ನುವ ಪ್ರಾಮಾಣಿಕ ದಾಖಲೆಗೆ ಬೆಲೆಯಿದೆ, ಊಹಿಸಿ ಬರೆದ ಪೂರ್ತಿ ಹೆಸರಿಗೆ ಇಲ್ಲ.

ಹಂತ 4: ನೊಣವೋ, ಪತಂಗವೋ, ದುಂಬಿಯೋ

ಹುಲ್ಲನ್ನು ಕೊರೆಯುವುದು ನೊಣಗಳು ಮಾತ್ರವಲ್ಲ. ಇಲಾಕಿಸ್ಟಾ ಕುಲದ ಪುಟ್ಟ ಪತಂಗಗಳ ಮರಿಗಳೂ ಇದೇ ಕೆಲಸ ಮಾಡುತ್ತವೆ. ಭತ್ತದಲ್ಲಿ ಹಿಸ್ಪಾ ದುಂಬಿಯ ಮರಿ ಎಲೆಯೊಳಗೆ ಪೊಳ್ಳು ಪಟ್ಟೆ ಮಾಡಿದರೆ, ದೊಡ್ಡ ದುಂಬಿ ಹೊರಗಿನಿಂದ ಬಿಳಿ ಗೆರೆ ಬೀಳುವಂತೆ ಕೆರೆಯುತ್ತದೆ.

ಹುಳು ಸಿಕ್ಕರೆ ಗೊಂದಲವಿಲ್ಲ. ನೊಣದ ಮರಿಗೆ ಗಟ್ಟಿ ತಲೆಯಿಲ್ಲ, ಕಾಲಿಲ್ಲ. ಮುಂತುದಿಯಲ್ಲಿ ಕಪ್ಪು ಬಾಯಿಕೊಕ್ಕೆ ಹಿಂದೆ-ಮುಂದೆ ಆಡುವುದು ಹೊರಗಿನಿಂದಲೇ ಕಾಣುತ್ತದೆ. ಪತಂಗ ಮತ್ತು ದುಂಬಿಯ ಮರಿಗಳಿಗೆ ಕಂದು ಬಣ್ಣದ ಗಟ್ಟಿ ತಲೆ ಇರುತ್ತದೆ.

ಹುಳು ಹೋಗಿದ್ದರೆ ಹಿಕ್ಕೆ ನೋಡಿ. ಅಗ್ರೊಮೈಜಿಡೆಯ ಮರಿ ಮಗ್ಗುಲಾಗಿ ಮಲಗಿ ತಿನ್ನುತ್ತದೆ, ಆಗಾಗ ಮಗ್ಗುಲು ಬದಲಿಸುತ್ತದೆ. ಹಾಗಾಗಿ ಕಿರಿದಾದ ಸುರಂಗದಲ್ಲಿ ಹಿಕ್ಕೆಯ ಕಾಳುಗಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬೀಳುತ್ತವೆ. ಪತಂಗದ ಮರಿಯ ಹಿಕ್ಕೆ ನಡುವೆ ಒಂದೇ ಗೆರೆಯಲ್ಲಿರುತ್ತದೆ, ಇಲ್ಲವೇ ಸುರಂಗದ ಹಳೆಯ ಭಾಗದಲ್ಲಿ ಒಟ್ಟುಗೂಡಿರುತ್ತದೆ. ಎಷ್ಟೋ ಇಲಾಕಿಸ್ಟಾ ಮರಿಗಳು ಒಂದು ಎಲೆ ಬಿಟ್ಟು ಇನ್ನೊಂದಕ್ಕೆ ಹೋಗುತ್ತವೆ. ಆದ್ದರಿಂದ ಕಿರಿದಾದ ಆರಂಭವೇ ಇಲ್ಲದೆ ಒಮ್ಮೆಗೇ ಅಗಲವಾಗಿ ಶುರುವಾದ ಸುರಂಗ ಕಂಡರೆ ಪತಂಗವನ್ನು ಅನುಮಾನಿಸಿ.

ಆರಂಭದ ಬಿಂದುವನ್ನು ಮಸೂರದಲ್ಲಿ ನೋಡುವುದನ್ನು ಮರೆಯಬೇಡಿ. ಅಗ್ರೊಮೈಜಿಡೆ ತತ್ತಿಯನ್ನು ಎಲೆಯ ಒಳಗೆ ಚುಚ್ಚಿ ಇಡುತ್ತದೆ, ಹೊರಗೆ ಸಿಪ್ಪೆ ಇರುವುದಿಲ್ಲ. ಎಲೆಯ ಮೇಲೆ ಉದ್ದನೆಯ ಬಿಳಿ ತತ್ತಿಯ ಸಿಪ್ಪೆ ಅಂಟಿಕೊಂಡಿದ್ದು ಒಳಗಿನ ಮರಿ ನೊಣದ್ದೇ ಆಗಿದ್ದರೆ ಅದು ಎಫಿಡ್ರಿಡೆ ಕುಟುಂಬದ ಹೈಡ್ರೆಲಿಯಾ ಆಗಿರುವ ಸಂಭವ ಹೆಚ್ಚು. ನೀರಿನ ಬಳಿಯ ಹುಲ್ಲುಗಳಲ್ಲಿ, ಭತ್ತದಲ್ಲಿ, ಧಾನ್ಯದ ಪೈರುಗಳಲ್ಲಿ ಇದು ಸಾಮಾನ್ಯ. ಇದರ ಮರಿಯ ಹಿಂತುದಿಯಲ್ಲಿ ಉಸಿರುರಂಧ್ರಗಳು ಎರಡು ಚೂಪು ಮುಳ್ಳುಗಳಂತೆ ಚಾಚಿರುತ್ತವೆ. ಅಗ್ರೊಮೈಜಿಡೆಯಲ್ಲಿ ಅವು ಗಿಡ್ಡ ಗುಬುಟುಗಳು.

ಹಂತ 5: ಕೋಶ ಎಲ್ಲಿದೆ?

ಹುಲ್ಲಿನ ನೊಣಗಳನ್ನು ಗುಂಪು ಮಾಡಲು ಇದರಷ್ಟು ಉಪಯೋಗದ ಪ್ರಶ್ನೆ ಇನ್ನೊಂದಿಲ್ಲ.

ಅಗ್ರೊಮೈಜಾದ ಮರಿ ಬೆಳೆದ ಮೇಲೆ ಸುರಂಗದ ಅಗಲವಾದ ಕೊನೆಯಲ್ಲಿ ಅರ್ಧಚಂದ್ರಾಕಾರದ ಸೀಳು ಮಾಡಿ ಹೊರಬಿದ್ದು ಮಣ್ಣಿನಲ್ಲಿ ಕೋಶವಾಗುತ್ತದೆ. ಸುರಂಗ ಹೆಚ್ಚಾಗಿ ಎಲೆಯ ತುದಿಯ ಹತ್ತಿರ ಶುರುವಾಗಿ ಕೆಳಗಿಳಿಯುತ್ತಾ ಅಗಲವಾದ ಪಟ್ಟೆಯಾಗುತ್ತದೆ. ಲಿರಿಯೊಮೈಜಾ ಫ್ಲೇವಿಯೋಲಾ ಕೂಡ ಹೊರಗೇ ಕೋಶವಾಗುತ್ತದೆ, ಆದರೆ ಅದರ ಸುರಂಗ ಕಿರಿದು.

ಪೊಯೆಮೈಜಾ ಉಪಕುಲದ ಸೆರೊಡೊಂಥಾಗಳು ಸಾಮಾನ್ಯವಾಗಿ ಸುರಂಗದೊಳಗೇ ಕೋಶವಾಗುತ್ತವೆ. ಸೆರೊಡೊಂಥಾ ಇನ್ಸಿಸಾದಲ್ಲಿ ಒಂದೇ ಸುರಂಗದಲ್ಲಿ ಹಲವು ಮರಿಗಳು ಒಟ್ಟಿಗೆ ತಿಂದು, ಹಲವು ಕೋಶಗಳು ಜೊತೆಗೆ ಸಿಗುತ್ತವೆ. ಸೆರೊಡೊಂಥಾ ಡೆಂಟಿಕಾರ್ನಿಸ್‌ನ ಮರಿ ಎಲೆಯಿಂದ ಒರೆಗೆ ಇಳಿದು ಅಲ್ಲಿ ಕೋಶವಾಗುತ್ತದೆ. ಎಲೆಯನ್ನಷ್ಟೇ ಹರಿದು ತಂದವರು ಅದನ್ನು ‘ಖಾಲಿ ಸುರಂಗ’ ಎಂದು ಬರೆಯುತ್ತಾರೆ.

ಫೈಟೊಮೈಜಾ ನೈಗ್ರಾ, ಫೈಟೊಮೈಜಾ ಮಿಲಿಯೈಗಳ ಕೋಶವೂ ಎಲೆಯೊಳಗೇ. ಆದರೆ ಕೋಶದ ಮುಂದಿನ ಉಸಿರುರಂಧ್ರಗಳು ಎಲೆಯ ಪೊರೆಯನ್ನು ತೂರಿಕೊಂಡು ಹೊರಗೆ ಇಣುಕುತ್ತವೆ. ಕೋಶವಿರುವ ಜಾಗವನ್ನು ಓರೆ ಬೆಳಕಿನಲ್ಲಿ ನೋಡಿದರೆ ಎರಡು ಸಣ್ಣ ಕೊಂಬುಗಳು ಕಾಣುತ್ತವೆ. ಈ ಎರಡು ಜಾತಿಗಳನ್ನು ಸುರಂಗ ನೋಡಿ ಬೇರ್ಪಡಿಸಲು ಹೋಗಬೇಡಿ. ಎರಡೂ ಹತ್ತಾರು ಹುಲ್ಲುಗಳ ಮೇಲೆ ಬರುತ್ತವೆ.

ಮೈಕ್ರೊಸ್ಕೋಪ್ ಇದ್ದರೆ ಹಿಂದಿನ ಉಸಿರುರಂಧ್ರದ ಗುಬುಟುಗಳನ್ನು ಎಣಿಸಿ. ಅಗ್ರೊಮೈಜಾ ಮತ್ತು ಸೆರೊಡೊಂಥಾಗಳಲ್ಲಿ ಸಾಮಾನ್ಯವಾಗಿ ಒಂದೊಂದು ಬದಿಗೆ ಮೂರು. ಫೈಟೊಮೈಜಾದಲ್ಲಿ ಬಿಲ್ಲಿನಂತೆ ಬಾಗಿದ ಸಾಲಿನಲ್ಲಿ ಅದಕ್ಕಿಂತ ಹೆಚ್ಚು.

ಹಂತ 6: ಸಾಕುವುದು

ಹುಲ್ಲಿನ ಎಲೆ ಬೇಗ ಒಣಗಿ ಸುರುಳಿಯಾಗುತ್ತದೆ, ಒಳಗಿನ ಹುಳು ಉಪವಾಸ ಸಾಯುತ್ತದೆ. ತೇವ ಹೆಚ್ಚಾದರೆ ಬೂಸ್ಟು. ಸಾಕಣೆಯಲ್ಲಿ ಆಗುವ ನಷ್ಟವೆಲ್ಲ ಬಹುಪಾಲು ಈ ಎರಡರ ನಡುವೆಯೇ.

ಮರಿ ಇನ್ನೂ ತಿನ್ನುತ್ತಿದ್ದರೆ ಕವಲನ್ನು ಬುಡಸಮೇತ ತಂದು, ಬೇರಿನ ಭಾಗಕ್ಕೆ ಒದ್ದೆ ಹತ್ತಿ ಸುತ್ತಿ, ಮೇಲೆ ಜಿಪ್ ಚೀಲ ಮುಚ್ಚಿ. ಚೀಲದೊಳಗೆ ಒಣ ಟಿಶ್ಯೂ ಕಾಗದದ ತುಂಡು ಹಾಕಿದರೆ ಗೋಡೆಗೆ ಕಟ್ಟುವ ಹನಿಯನ್ನು ಅದು ಹೀರುತ್ತದೆ. ನೇರ ಬಿಸಿಲು ತಗಲಬಾರದು. 20ರಿಂದ 25 ಡಿಗ್ರಿ ಸೆಲ್ಸಿಯಸ್ ಸಾಕು. ದಿನಕ್ಕೊಮ್ಮೆ ತೆರೆದು ಗಾಳಿಯಾಡಿಸಿ, ಹನಿ ಒರೆಸಿ, ಟಿಶ್ಯೂ ಬದಲಿಸಿ. ಒಂದು ಚೀಲಕ್ಕೆ ಒಂದೇ ಹುಲ್ಲು, ಒಂದೇ ಬಗೆಯ ಸುರಂಗ. ಹತ್ತು ಎಲೆಗಳನ್ನು ಒಟ್ಟಿಗೆ ತುರುಕಿದರೆ ಕೊನೆಗೆ ಹೊರಬಂದ ನೊಣ ಯಾವ ಸುರಂಗದ್ದೆಂದು ಯಾರೂ ಹೇಳಲಾರರು.

ಹೊರಗೆ ಕೋಶವಾಗುವ ಜಾತಿಯಾದರೆ ಡಬ್ಬಿಯ ತಳದಲ್ಲಿ 2 ಸೆಂಟಿಮೀಟರಿನಷ್ಟು ಜರಡಿ ಹಿಡಿದ ಮರಳು ಹಾಕಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಒಸರಬಾರದು, ಅಷ್ಟು ತೇವ ಸರಿ. ಎಲೆಯೊಳಗೇ ಕೋಶವಾಗಿದ್ದರೆ ಅದರ ಎರಡೂ ಕಡೆ ಎರಡೆರಡು ಸೆಂಟಿಮೀಟರ್ ಬಿಟ್ಟು ಎಲೆ ಕತ್ತರಿಸಿ, ಒಂದೊಂದನ್ನೂ ಬೇರೆ ನಳಿಕೆಗೆ ಹಾಕಿ, ಹತ್ತಿ ಮುಚ್ಚಿ, ಹತ್ತಿಗೆ ಮೂರು ದಿನಕ್ಕೊಮ್ಮೆ ಒಂದು ಹನಿ ನೀರು ಕೊಡಿ. ಕೋಶವನ್ನು ಎಲೆಯಿಂದ ಬಿಡಿಸಬೇಡಿ. ಬೆಚ್ಚಗಿನ ಕಾಲದಲ್ಲಿ ಎರಡು-ಮೂರು ವಾರಗಳಲ್ಲಿ ನೊಣ ಬರುತ್ತದೆ. ಚಳಿ ಪ್ರದೇಶಗಳಲ್ಲಿ ಋತುವಿನ ಕೊನೆಯ ಕೋಶಗಳು ಚಳಿಗಾಲ ಕಳೆದ ಮೇಲೆಯೇ ಒಡೆಯುತ್ತವೆ. ಅವನ್ನು ಸತ್ತವೆಂದು ಎಸೆಯಬೇಡಿ, ತಂಪಿನಲ್ಲಿಡಿ.

ನೊಣದ ಬದಲು ಕಣಜ ಬರುವುದು ತೀರ ಸಾಮಾನ್ಯ. ಯುಲೋಫಿಡೆ, ಬ್ರಕೋನಿಡೆ ಕುಟುಂಬಗಳ ಪರಾವಲಂಬಿ ಕಣಜಗಳು ಈ ಹುಳುಗಳ ಮೇಲೇ ಬದುಕುತ್ತವೆ. ಅವನ್ನೂ ಲೇಬಲ್ ಹಚ್ಚಿ ಇಟ್ಟುಕೊಳ್ಳಿ. ಖಾಲಿ ಕೋಶ ನೋಡಿಯೇ ಬಂದವರು ಯಾರೆಂದು ಹೇಳಬಹುದು: ನೊಣ ಬಂದಿದ್ದರೆ ಮುಂತುದಿ ಮುಚ್ಚಳದಂತೆ ಬಿರಿದಿರುತ್ತದೆ, ಕಣಜ ಬಂದಿದ್ದರೆ ಹಲ್ಲಿನಿಂದ ಕಚ್ಚಿ ಮಾಡಿದ ದುಂಡು ತೂತು ಇರುತ್ತದೆ.

ಖಾಲಿ ಕೋಶ ಕಸವಲ್ಲ. ಮರಿಯ ಬಾಯಿಕೊಕ್ಕೆ ಮುಚ್ಚಳದ ಕೆಳಭಾಗದ ಒಳಗೋಡೆಗೆ ಅಂಟಿಕೊಂಡು ಹಾಗೇ ಉಳಿದಿರುತ್ತದೆ. ಹಿಂದಿನ ಉಸಿರುರಂಧ್ರವೂ ಇರುತ್ತದೆ. ಮರಿಯನ್ನು ಕೊಲ್ಲದೆ ಮರಿಯ ಲಕ್ಷಣಗಳೂ, ಅದೇ ಜೀವಿಯ ನೊಣವೂ ಕೈಗೆ ಸಿಗುತ್ತವೆ.

ಹಂತ 7: ನೊಣವನ್ನು ಓದುವುದು

ಹೊರಬಂದ ತಕ್ಷಣ ಕೊಲ್ಲಬೇಡಿ. ರೆಕ್ಕೆ ಬಿಚ್ಚಿ ಬಣ್ಣ ನಿಲ್ಲಲು ಒಂದು ದಿನ ಬೇಕು. ಬೇಗ ಕೊಂದರೆ ಕಪ್ಪು ನೊಣವೂ ಮಾಸಲು ಹಳದಿಯಾಗಿ ಒಣಗಿ ಕೀಲಿಯಲ್ಲಿ ದಾರಿ ತಪ್ಪಿಸುತ್ತದೆ. ಒಂದು ದಿನದ ನಂತರ ನಳಿಕೆಯನ್ನು ಫ್ರೀಜರಿನಲ್ಲಿಡಿ.

40 ಪಟ್ಟು ಹಿಗ್ಗಿಸುವ ಸ್ಟೀರಿಯೊ ಮೈಕ್ರೊಸ್ಕೋಪಿನಲ್ಲಿ ರೆಕ್ಕೆಯಿಂದ ಶುರುಮಾಡಿ. ರೆಕ್ಕೆಯ ಮುಂದಿನ ಅಂಚಿನ ದಪ್ಪ ನರ ಕೋಸ್ಟಾ. ಅದು ರೆಕ್ಕೆಯ ತುದಿ ಬಳಸಿ ಎಂ1 ನರದವರೆಗೆ ಹೋಗಿದ್ದರೆ ಅಗ್ರೊಮೈಜಾ, ಸೆರೊಡೊಂಥಾ ಅಥವಾ ಲಿರಿಯೊಮೈಜಾ ಕಡೆ ಹೋಗಿ. ಆರ್4+5 ನರದಲ್ಲೇ ನಿಂತಿದ್ದರೆ ಫೈಟೊಮೈಜಾ ಅಥವಾ ಸ್ಯೂಡೊನಪೊಮೈಜಾ. ಸ್ಯೂಡೊನಪೊಮೈಜಾದ ಮೀಸೆಯ ಮೂರನೇ ತುಂಡಿನ ಮೇಲ್ಮೂಲೆ ಕೋನದಂತೆ ಚೂಪಾಗಿರುತ್ತದೆ. ಅಗ್ರೊಮೈಜಾದಲ್ಲಿ ಸಬ್‌ಕೋಸ್ಟಾ ನರ ಕೋಸ್ಟಾ ಮುಟ್ಟುವ ಮೊದಲೇ ಆರ್1 ಜೊತೆ ಕೂಡಿಕೊಳ್ಳುತ್ತದೆ. ಸೆರೊಡೊಂಥಾದಲ್ಲಿ ಅದು ತೆಳು ಮಡಿಕೆಯಾಗಿ ಬೇರೆಯಾಗಿಯೇ ಹೋಗುತ್ತದೆ.

ತಲೆಯಲ್ಲಿ ಕಣ್ಣಿನಂಚಿನ ಪುಟ್ಟ ರೋಮಗಳನ್ನು ನೋಡಿ. ಫೈಟೊಮೈಜಾದಲ್ಲಿ ಅವು ಮುಂದಕ್ಕೆ ಬಾಗಿರುತ್ತವೆ, ಲಿರಿಯೊಮೈಜಾದಲ್ಲಿ ಹಿಂದಕ್ಕೆ. ಎದೆಯ ಹಿಂಭಾಗದ ತ್ರಿಕೋನ ಫಲಕ, ಸ್ಕುಟೆಲ್ಲಂ, ಲಿರಿಯೊಮೈಜಾದಲ್ಲಿ ಸಾಮಾನ್ಯವಾಗಿ ಹಳದಿ. ಸ್ಕುಟೆಲ್ಲಂ ಮೇಲೆ ನಾಲ್ಕರ ಬದಲು ಎರಡೇ ಉದ್ದ ರೋಮಗಳಿದ್ದು ಮೀಸೆಯ ಮೂರನೇ ತುಂಡಿನಲ್ಲಿ ಮುಳ್ಳಿದ್ದರೆ ಅದು ಡೆಂಟಿಕಾರ್ನಿಸ್ ಇರುವ ಸೆರೊಡೊಂಥಾ ಉಪಕುಲ. ಮೀಸೆಗಳ ಮೇಲಿನ ಚಂದ್ರಾಕಾರದ ಫಲಕ, ಲುನ್ಯೂಲ್, ಡಿಜಿಗೊಮೈಜಾದಲ್ಲಿ ಅಗಲ, ಪೊಯೆಮೈಜಾದಲ್ಲಿ ಕಿರಿದಾಗಿ ಎತ್ತರ.

ಹಂತ 8: ಗಂಡಿನ ಜನನಾಂಗ

ಇಲ್ಲಿಯವರೆಗೆ ಸಿಗುವುದು ಕುಲ, ಉಪಕುಲ. ಜಾತಿ ಬೇಕಾದರೆ ಗಂಡಿನ ಈಡಿಯಾಗಸ್ (ಕೂಡುವ ಅಂಗ) ನೋಡಲೇಬೇಕು. ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಹೊಳೆಯುವ ಗಟ್ಟಿ ಕೊಳವೆ ಇರುತ್ತದೆ, ಗಂಡಿಗೆ ಅದಿಲ್ಲ.

ಹೊಟ್ಟೆಯನ್ನು ಬೇರ್ಪಡಿಸಿ ಶೇಕಡ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ. ಅವಸರವಿದ್ದರೆ ಬಿಸಿನೀರಿನ ಪಾತ್ರೆಯಲ್ಲಿ ನಳಿಕೆ ಇಟ್ಟು 10ರಿಂದ 15 ನಿಮಿಷ. ಅದು ಚರ್ಮವನ್ನೂ ಕಣ್ಣನ್ನೂ ಸುಡುವ ಕ್ಷಾರ, ಕೈಗವಸು ಮತ್ತು ಕನ್ನಡಕ ಹಾಕಿಕೊಳ್ಳಿ. ಹೆಚ್ಚು ಹೊತ್ತು ಬಿಟ್ಟರೆ ಮೃದು ಪೊರೆಗಳೂ ಪಾರದರ್ಶಕವಾಗಿ ಏನೂ ಕಾಣದಂತಾಗುತ್ತದೆ. ನೀರಿನಲ್ಲಿ ತೊಳೆದು, ಒಂದು ಹನಿ ಅಸಿಟಿಕ್ ಆಮ್ಲ ಬೆರೆಸಿದ ನೀರಿನಲ್ಲಿ ಅದ್ದಿ, ಗ್ಲಿಸರಿನ್‌ಗೆ ವರ್ಗಾಯಿಸಿ. ಎರಡು ಸೂಜಿಗಳಿಂದ ಈಡಿಯಾಗಸ್ಸನ್ನು ಬಿಡಿಸಿ, 100ರಿಂದ 400 ಪಟ್ಟು ಹಿಗ್ಗಿಸಿ, ಪಕ್ಕದಿಂದಲೂ ಕೆಳಗಿನಿಂದಲೂ ನೋಡಿ. ಗಾಜಿನ ಮುಚ್ಚಳ ಹಾಕಿ ಒತ್ತಿದರೆ ಆಕಾರ ಕೆಡುತ್ತದೆ, ಕೀಲಿಯ ಚಿತ್ರಕ್ಕೆ ಹೊಂದುವುದೇ ಇಲ್ಲ.

ಮರಿಗಳನ್ನು ಕಾಪಿಡುವುದಾದರೆ ಕುದಿಯುವ ಹಂತಕ್ಕೆ ಬಂದ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ನಂತರ ಶೇಕಡ 70ರ ಆಲ್ಕೋಹಾಲಿಗೆ ಹಾಕಿ. ನೇರವಾಗಿ ಹಾಕಿದರೆ ಕಪ್ಪಾಗಿ ಮುದುಡುತ್ತವೆ. ಡಿಎನ್‌ಎ ಪರೀಕ್ಷೆಗೆ ಬೇಕಾದವನ್ನು ಬಿಸಿ ಮಾಡದೆ ಶೇಕಡ 95ರ ಎಥನಾಲಿನಲ್ಲಿ ಫ್ರೀಜರಿನಲ್ಲಿಡಿ.

ಲೇಬಲ್

ಒಣಗಿಸಿ ಒತ್ತಿದ ಹುಲ್ಲು, ಸುರಂಗವಿರುವ ಎಲೆ, ಖಾಲಿ ಕೋಶ, ನೊಣ, ಗ್ಲಿಸರಿನ್ ನಳಿಕೆ ಐದಕ್ಕೂ ಒಂದೇ ಸಂಖ್ಯೆ ಕೊಡಿ. ಸ್ಥಳ, ದಿನಾಂಕ, ಹುಲ್ಲಿನ ಹೆಸರು, ಆ ಹೆಸರನ್ನು ತೆನೆಯಿಂದ ಗುರುತಿಸಿದ್ದೋ ಎಲೆಯಿಂದಲೋ, ಎಲೆ ಕಿತ್ತ ದಿನ ಮತ್ತು ನೊಣ ಬಂದ ದಿನ ಎರಡನ್ನೂ ಬರೆಯಿರಿ. ನೊಣದ ಹೆಸರಿನ ಮುಂದೆ ಆಧಾರವನ್ನೂ ಸೇರಿಸಿ: ‘ಸುರಂಗ ಮಾತ್ರ’, ‘ಕೋಶ’, ‘ಹೆಣ್ಣು ನೊಣ’, ‘ಗಂಡು, ಜನನಾಂಗ ನೋಡಿದ್ದು’. ಮೊದಲ ಮೂರರಲ್ಲಿ ಸಾಮಾನ್ಯವಾಗಿ ಕುಲದ ಹೆಸರಿಗೇ ನಿಲ್ಲಿಸಬೇಕಾಗುತ್ತದೆ.